ಗೆಳೆಯನಿಗೊಂದು ಪತ್ರ: ಆ 14 ಸೆಂಟ್

ಗೆಳೆಯಾ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಓದಿ, ಒಂದು ಹೆಬ್ಬೆರಳಿನ ಚಿತ್ರ ಕಳಿಸಿ, ಮಾತು ಬದಲಾಯಿಸಿಬಿಡುತ್ತೀಯ. ಅದಕ್ಕೇ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಅವರಿಗೂ ತಿಳಿಯಲಿ ಅಂತ ನಿನಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಇರುವೆ ವಿಷಯ ಮಾತ್ರ ಯಾರಿಗೂ ಹೇಳುವುದಿಲ್ಲ.

ಹೋದ ತಿಂಗಳು ನೀನು ಕೇಳಿದ್ದೆ, "ಹಾಡು ಮಾಡೋದು ಬಿಟ್ಟು ಅದೇನು ಲೆಕ್ಕ ಹಾಕ್ತಾ ಕೂತಿದೀಯೋ?" ಅಂತ. ಆವತ್ತು ಏನೋ ಹೇಳಿ ಜಾರಿಕೊಂಡೆ. ಉತ್ತರ ಇಲ್ಲಿದೆ, ಸ್ವಲ್ಪ ಉದ್ದ. ಅದು ಶ್ರುತಿಯ ಲೆಕ್ಕ, ಯಾವ ಸ್ವರ ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದು.

ಶುರುವಾಗಿದ್ದು ಸುಮ್ನೆ. ಸರ್ಜ್ ಎಕ್ಸ್‌ಟಿ ಸಿಂಥ್ ಪ್ಲಗಿನ್, ಅಂದರೆ ಹಾಡು ಮಾಡುವ ತಂತ್ರಾಂಶದೊಳಗೆ ಕೂತು ಸದ್ದು ಹುಟ್ಟಿಸುವ ವಾದ್ಯ, ನಮ್ಮಿಬ್ಬರ ಕಂಪ್ಯೂಟರಿನಲ್ಲೂ ಇದೆಯಲ್ಲ. ಸರ್ಜ್ ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಿಂಥ್ ಆಗಿತ್ತು. ಅದನ್ನು ಬರೆದ ಕ್ಲಾಸ್ ಯೋಹಾನ್ಸನ್ 2018ರಲ್ಲಿ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು, ಆಮೇಲೆ ಎಷ್ಟೋ ಜನ ಸೇರಿ ಅದನ್ನು ಬೆಳೆಸಿದರು. ಅದರಲ್ಲಿ ಶ್ರುತಿ ಬದಲಾಯಿಸಲು 'ಟ್ಯೂನ್' ಅಂತ ಒಂದು ಚಿಕ್ಕ ಬಟನ್ ಇದೆ. ವರ್ಷಗಟ್ಟಲೆ ಕಣ್ಣೆದುರಿಗೇ ಇತ್ತು. ಒಂದು ರಾತ್ರಿ ಒತ್ತಿದೆ.

ಅದಕ್ಕೆ ಬೇಕಾಗುವುದು ಎಸ್‌ಸಿಎಲ್ ಅನ್ನುವ ಪುಟ್ಟ ಫೈಲ್. ಶ್ರುತಿ ಕ್ರಮಗಳನ್ನು ರೂಪಿಸುವ ಸ್ಕಾಲಾ ತಂತ್ರಾಂಶದಿಂದ ಬಂದ ಬಗೆ ಅದು. ಸ್ಕಾಲಾ ಜೊತೆಗೆ ಸಿಗುವ ಸಂಗ್ರಹದಲ್ಲಿ 5000ಕ್ಕೂ ಜಾಸ್ತಿ ಶ್ರುತಿ ಕ್ರಮಗಳಿವೆ. ಫೈಲ್ ತೆರೆದು ನೋಡಿದರೆ ಬರೀ ಅಕ್ಷರ, ಅಂಕಿ. ಎಷ್ಟು ಸ್ವರ ಅಂತ ಒಂದು ಸಾಲು, ಆಮೇಲೆ ಸಾಲಿಗೊಂದು ಸ್ವರ. ಷಡ್ಜದ ಎಷ್ಟು ಪಟ್ಟು ಅನ್ನುವ ಅನುಪಾತ ಬರೆದರೂ ಆಯಿತು, ಸೆಂಟ್‌ನಲ್ಲಿ ಬರೆದರೂ ಆಯಿತು. ಸೆಂಟ್ ಅಂದರೆ ಒಂದು ಆಕ್ಟೇವಿನ, ಅಂದರೆ ಸ ಇಂದ ಮೇಲಿನ ಸ ವರೆಗಿನ ಅಂತರದ, 1200ನೇ ಒಂದು ಭಾಗ. ಪಿಯಾನೋದ ಪಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್. ಮೊದಲ ದಿನವೇ ನಾನು 386.3 ಅಂತ ಬರೆಯುವ ಜಾಗದಲ್ಲಿ ಬರೀ 386 ಬರೆದೆ. ಅಂಕಿಯಲ್ಲಿ ಚುಕ್ಕೆ ಇದ್ದರೆ ಅದು ಸೆಂಟ್, ಇಲ್ಲದಿದ್ದರೆ ಅನುಪಾತ ಅಂತ ಓದಿಕೊಳ್ಳುತ್ತದೆ. ಅಂದರೆ ನನ್ನ ಗಾಂಧಾರ ಷಡ್ಜದ 386 ಪಟ್ಟು ಮೇಲೆ ಹೋಗಿ ಕೂತಿತ್ತು, ಮನುಷ್ಯರ ಕಿವಿ ಮುಟ್ಟುವ ಜಾಗವೇ ಅಲ್ಲ ಅದು. ಅರ್ಧ ಗಂಟೆ ಹೆಡ್‌ಫೋನ್ ವೈರ್ ಅಲ್ಲಾಡಿಸಿದ ಮೇಲೆ ಆ ಚುಕ್ಕೆ ಹೊಳೆಯಿತು.

ಚುಕ್ಕೆ ಇಟ್ಟು ಮತ್ತೆ ಒತ್ತಿದೆ. ಸ, ಗ, ಪ ಮೂರನ್ನೂ ಒಟ್ಟಿಗೆ.

ಅದನ್ನು ಹೇಗೆ ಹೇಳಲಿ? ಸದ್ದು ನಿಂತಿತು ಅನ್ನಿಸಿತು. ಸದ್ದು ಇತ್ತು, ಆದರೆ ಅದರೊಳಗಿನ ನಡುಕ ಹೋಗಿತ್ತು. ಆ ನಡುಕ ಅಲ್ಲಿತ್ತು ಅಂತ ಗೊತ್ತಾಗಿದ್ದೇ ಅದು ಹೋದ ಮೇಲೆ.

ಇದಕ್ಕೆ ಕಾರಣ ತುಂಬ ಸರಳ, ಅದು ನನಗೆ ಬಹಳ ಇಷ್ಟ. ಒಂದು ಸ್ವರ ನುಡಿದಾಗ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳೂ ಅದರೊಳಗೆ ಇರುತ್ತವೆ. ಗಾಂಧಾರ ಷಡ್ಜದ 5/4 ಪಟ್ಟು ಇದ್ದರೆ, ಷಡ್ಜದ ಐದನೇ ಪಟ್ಟು ಗಾಂಧಾರದ ನಾಲ್ಕನೇ ಪಟ್ಟಿನ ಮೇಲೆ ಸರಿಯಾಗಿ ಬಂದು ಕೂರುತ್ತದೆ. ಆ ಅಂತರವೇ 386.3 ಸೆಂಟ್. ಪಿಯಾನೋದ ಗಾಂಧಾರ 400 ಸೆಂಟ್, ಸುಮಾರು 14 ಸೆಂಟ್ ಮೇಲೆ. ಪಿಯಾನೋದ ಮಧ್ಯದ ಸಿ ಕೀಯನ್ನು ಷಡ್ಜ ಮಾಡಿಕೊಂಡರೆ ಷಡ್ಜದ ಐದನೇ ಪಟ್ಟು 1308 ಹರ್ಟ್ಜ್, ಪಿಯಾನೋ ಗಾಂಧಾರದ ನಾಲ್ಕನೇ ಪಟ್ಟು 1318.5. ಎರಡೂ ಡಿಕ್ಕಿ ಹೊಡೆದು ಸೆಕೆಂಡಿಗೆ ಹತ್ತು ಸಲ ನಡುಗುತ್ತವೆ. ನೀನೂ ಕೇಳು. ಈ ಪಟ್ಟುಗಳೆಲ್ಲ ಇರುವ ಸಾ-ಟೂತ್ ಅಲೆ ಇಟ್ಟುಕೋ, ಕೋರಸ್ ತೆಗೆ, ರಿವರ್ಬ್ ತೆಗೆ, ಮುಖ್ಯವಾಗಿ ಯುನಿಸನ್, ಅಂದರೆ ಒಂದೇ ಸ್ವರದ ಹಲವು ಪ್ರತಿ ಒಟ್ಟಿಗೆ ನುಡಿಸುವುದು, ಅದನ್ನು ಒಂದಕ್ಕೆ ಇಳಿಸು. ನಾವು ಇಷ್ಟು ವರ್ಷ ಹಿನ್ನೆಲೆಯಲ್ಲಿ ಎಳೆಯುವ ಪ್ಯಾಡ್‌ಗಳಿಗೆ ಅಷ್ಟೊಂದು ಯುನಿಸನ್, ಆ ಪ್ರತಿಗಳ ಶ್ರುತಿ ಚೂರು ಚೂರು ಸರಿಸುವ ಡಿಟ್ಯೂನ್ ಹಾಕುತ್ತಿದ್ದೆವಲ್ಲ, ಅದರ ನಡುಕದೊಳಗೆ ಈ ನಡುಕ ಅಡಗಿಕೊಂಡಿತ್ತು. ಯಾವ ಶ್ರುತಿ ಹಾಕಿದರೂ ಒಂದೇ ಥರ ಕೇಳಿಸುತ್ತಿತ್ತು.

ಇದನ್ನು ಕೇಳಿದ ಮೇಲೆ ಪಿಯಾನೋ ಶ್ರುತಿಯೇ ತಪ್ಪು ಅಂತ ಎರಡು ದಿನ ನಂಬಿಕೊಂಡು ಓಡಾಡಿದೆ. ಮೂರನೇ ದಿನ ರಿ ಮತ್ತು ಧ ಒಟ್ಟಿಗೆ ಒತ್ತಿದೆ. ಕರ್ಕಶ. ಸ-ಪ ಅಂತರ 702 ಸೆಂಟ್, ಹೊಳೆಯುವ ಹಾಗಿದೆ. ಅದೇ ಕ್ರಮದಲ್ಲಿ ರಿ-ಧ ಬರೀ 680. ಏನು ಮಾಡಿದರೂ ಹೀಗೆ ಒಂದು ಕಡೆ ಮುರುಕು ಉಳಿದೇ ಉಳಿಯುತ್ತದೆ. ಶುದ್ಧ ಪಂಚಮದ ಮೇಲೆ ಪಂಚಮ ಇಡುತ್ತಾ ನಾಲ್ಕು ಸಲ ಹೋದರೆ ಸಿಗುವ ಗಾಂಧಾರಕ್ಕೂ ಈ ಸಿಹಿ ಗಾಂಧಾರಕ್ಕೂ 21.5 ಸೆಂಟ್ ವ್ಯತ್ಯಾಸ. ಅದನ್ನು ಕಾಮಾ ಅನ್ನುತ್ತಾರೆ. ಪಿಯಾನೋ ಶ್ರುತಿ ಆ ಮುರುಕನ್ನು ಒಂದೇ ಕಡೆ ಬಿಡದೆ ಎಲ್ಲ ಕೀಗಳಿಗೂ ಸ್ವಲ್ಪ ಸ್ವಲ್ಪ ಹಂಚಿದೆ. ಯಾವ ಸ್ವರದಿಂದ ಶುರು ಮಾಡಿದರೂ ಒಂದೇ ಥರ ನುಡಿಯಲಿ ಅಂತ ಮಾಡಿಕೊಂಡ ಒಪ್ಪಂದ ಅದು, ಒಳ್ಳೆಯ ಒಪ್ಪಂದವೇ. ಆದರೆ ಅದು ಒಪ್ಪಂದ ಅನ್ನೋದನ್ನೇ ನಾನು ಮರೆತಿದ್ದೆ, ಸತ್ಯ ಅಂದುಕೊಂಡಿದ್ದೆ. ಈ ವಾಕ್ಯ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಮೇಲೆ ಒಂದು ತಿಂಗಳು ಅದರೊಳಗೇ ಮುಳುಗಿದ್ದೆ. ಆಕ್ಟೇವನ್ನು 31 ಸಮಭಾಗ ಮಾಡಿದ ಕ್ರಮ ನನಗೆ ತುಂಬ ಹಿಡಿಸಿತು. ಡಚ್ ವಿಜ್ಞಾನಿ ಹೈಗನ್ಸ್ 1661ರಲ್ಲೇ ಅದರ ಲೆಕ್ಕ ಹಾಕಿದ್ದರು. ಅದರಲ್ಲಿ ಹತ್ತು ಮೆಟ್ಟಿಲು ಹತ್ತಿದರೆ 387.1 ಸೆಂಟ್, ಗಾಂಧಾರ ಹೆಚ್ಚುಕಮ್ಮಿ ಶುದ್ಧ. ಪಂಚಮ ಐದು ಸೆಂಟ್ ಕೆಳಗಿದೆ, ಆದರೆ ಎಲ್ಲ ಕಡೆಯೂ ಅಷ್ಟೇ, ಯಾವ ಕೀಯಿಂದ ಹಿಡಿದರೂ ಕರ್ಕಶ ಇಲ್ಲ. ನನ್ನ 61 ಕೀಗಳ ಕೀಬೋರ್ಡಿನಲ್ಲಿ ಎರಡು ಆಕ್ಟೇವ್ ಕೂಡ ಹಿಡಿಸುವುದಿಲ್ಲ. ಕೈ ಹಳೆಯ ಅಭ್ಯಾಸದಲ್ಲಿ ಮೇಲಿನ ಸ ಅಂತ 12 ಕೀ ದಾಟಿ ಒತ್ತಿದರೆ ಗ ಮತ್ತು ಮ ನಡುವಿನ ಯಾವುದೋ ಸ್ವರ ಬರುತ್ತದೆ. ಕಣ್ಣು ಮುಚ್ಚಿಕೊಂಡು ಕಲಿತೆ. ಕಣ್ಣು ಬಿಟ್ಟರೆ ಕೀಗಳ ಕಪ್ಪು ಬಿಳುಪು ಸುಳ್ಳು ಹೇಳುತ್ತದೆ.

ಬೇರೆ ಪ್ಲಗಿನ್‌ಗಳಲ್ಲೂ ಈಗ ಇದು ಇದೆ. ವೈಟಲ್ ಈ ಫೈಲ್ ತೆಗೆದುಕೊಳ್ಳುತ್ತದೆ, ಪಿಯಾನೋಟೆಕ್ ತೆಗೆದುಕೊಳ್ಳುತ್ತದೆ. ಕೆಲವು ಸಿಂಥ್‌ಗಳಿಗೆ ಟಿಯುಎನ್ ಅನ್ನುವ ಇನ್ನೊಂದು ಬಗೆಯ ಫೈಲ್ ಬೇಕು. ಏನೂ ತೆಗೆದುಕೊಳ್ಳದ ಸಿಂಥ್ ಆದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಕಳಿಸಿ ಬಗ್ಗಿಸಬೇಕು, ಆದರೆ ಕೀಬೋರ್ಡು, ಸಿಂಥ್ ಮಾತಾಡಿಕೊಳ್ಳುವ ಭಾಷೆಯಾದ 1983ರ ಮಿಡಿಯಲ್ಲಿ ಒಂದು ಚಾನೆಲ್ಲಿಗೆ ಒಂದೇ ಬೆಂಡ್, ಹಾಗಾಗಿ ಕಾರ್ಡಿನ, ಅಂದರೆ ಒಟ್ಟಿಗೆ ಒತ್ತಿದ ಸ್ವರಗಳ ಗುಂಪಿನ, ಪ್ರತಿ ಸ್ವರಕ್ಕೂ ಬೇರೆ ಬೇರೆ ಚಾನೆಲ್ ಕೊಡಬೇಕು, ಅದು ದೊಡ್ಡ ತಲೆನೋವು. ಅದಕ್ಕಿಂತ ದೊಡ್ಡದು, ಒಂದು ಹಾಡಿನಲ್ಲಿ ಆರು ಸಿಂಥ್ ಇದ್ದರೆ ಆರಕ್ಕೂ ಫೈಲ್ ಹಾಕುವುದು. ಒಂದನ್ನು ಮರೆತರೆ ಇಡೀ ಹಾಡು ಹುಳಿ. ಎಂಟಿಎಸ್-ಇಎಸ್‌ಪಿ ಬಂದ ಮೇಲೆ ಅದು ತಪ್ಪಿತು. ಆಡ್‌ಸೌಂಡ್ ಕಂಪನಿಯವರು ಸಂಗೀತಗಾರ ಏಫೆಕ್ಸ್ ಟ್ವಿನ್ ಜೊತೆ ಸೇರಿ 2021ರಲ್ಲಿ ತಂದ ವ್ಯವಸ್ಥೆ ಅದು. ಒಂದು ಯಜಮಾನ ಪ್ಲಗಿನ್, ಅದು ಹೇಳಿದ ಶ್ರುತಿಗೆ ಆ ವ್ಯವಸ್ಥೆ ಒಪ್ಪಿದ ಸಿಂಥ್‌ಗಳೆಲ್ಲ ಬದಲಾಗುತ್ತವೆ. ಹಾಡಿನ ನಡುವೆಯೇ ಶ್ರುತಿ ಬದಲಾಯಿಸಬಹುದು, ರಿ-ಧ ಬರುವ ಕಡೆ ಧವನ್ನು ಒಂದು ಕಾಮಾ ಏರಿಸಿ ಮತ್ತೆ ಇಳಿಸಬಹುದು. ಇದನ್ನು ಮೊದಲ ಸಲ ಮಾಡಿದಾಗ ನಾನು ಎದ್ದು ನಿಂತಿದ್ದೆ, ಸುಳ್ಳಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಈ ಸಿಂಥ್‌ಗಳ ಮೇಲೆ ಒಂದು ಕಂಠ ಇಟ್ಟು ನೋಡಬೇಕು ಅನ್ನಿಸಿತು. ಹಳೆಯ ಡಿಸ್ಕ್ ತೆಗೆದೆ. ನಮ್ಮ ಮೊದಲ ಹಾಡಿನ ಫೋಲ್ಡರ್ ಸಿಕ್ಕಿತು. ಅದರಲ್ಲಿ ನೀನು ಹಾಡಿದ, ನಾನು ಏನೂ ಮುಟ್ಟದ ಟೇಕ್ ಇತ್ತು, 'ಇರುವೆ 5' ಅಂತ ನೀನೇ ಇಟ್ಟ ಹೆಸರು. ನೆನಪಿದೆಯಲ್ಲ, ಆವತ್ತು ಕಾರ್ಡುಗಳು ಇನ್ನೂ ತಯಾರಾಗಿರಲಿಲ್ಲ. ನಿನ್ನ ಹೆಡ್‌ಫೋನಿಗೆ ನಾನು ಬರೀ ಒಂದು ಷಡ್ಜ ಎಳೆದು ಕೊಟ್ಟಿದ್ದೆ, ನೀನು ಅದನ್ನೇ ಹಿಡಿದು ಹಾಡಿದೆ. ಪಿಯಾನೋ ಕಾರ್ಡುಗಳನ್ನು ನಾನು ಆಮೇಲೆ ಹಾಕಿದೆ. ಹಾಕಿದ ಮೇಲೆ ನಿನ್ನ ಗಾಂಧಾರ ಕೆಳಗೆ ಕೇಳಿಸಿತು. ಪಿಚ್ ಸರಿಪಡಿಸುವ ತಂತ್ರಾಂಶದಲ್ಲಿ ತೆರೆದು ನೋಡಿದೆ, ಪಿಯಾನೋ ಸ್ವರದ ಗೆರೆಗಿಂತ ಕೆಳಗೇ ಇತ್ತು. ಎಳೆದು ಗೆರೆಗೆ ಕೂರಿಸಿದೆ. ನಿನಗೆ ಫೋನ್ ಮಾಡಿ, "ನಿನ್ನ ಗಾಂಧಾರ ಸ್ವಲ್ಪ ಇಳಿಯುತ್ತೆ ಕಣೋ, ಪರವಾಗಿಲ್ಲ, ನಾನು ಸರಿ ಮಾಡಿದೀನಿ" ಅಂದೆ.

ಮೊನ್ನೆ ಆ ಮುಟ್ಟದ ಟೇಕನ್ನು 5/4 ಗಾಂಧಾರದ ಮೇಲೆ ಇಟ್ಟೆ. ಎರಡನೇ ಸಾಲಿನ ಉದ್ದನೆಯ ಗಾಂಧಾರ ಬಂತು. ಸಿಂಥ್ ಎಲ್ಲಿ ಮುಗಿಯುತ್ತದೆ, ನೀನು ಎಲ್ಲಿ ಶುರುವಾಗುತ್ತೀಯ ಅಂತ ಗೊತ್ತಾಗಲಿಲ್ಲ. ನಿನ್ನ ಟ್ರ್ಯಾಕ್ ಮ್ಯೂಟ್ ಮಾಡಿ, ತೆಗೆದು, ಮತ್ತೆ ಮ್ಯೂಟ್ ಮಾಡಿ ಕೇಳಿದೆ. ಆಮೇಲೆ ಅಳೆದೆ. ಹಾಡಿನಲ್ಲಿ 11 ಕಡೆ ನೀನು ಗಾಂಧಾರವನ್ನು ಹಿಡಿದು ನಿಲ್ಲಿಸಿದ್ದೀಯ. ಅದರಲ್ಲಿ ಎಂಟು 383ರಿಂದ 390ರ ಒಳಗಿವೆ. ಎರಡು ನಿಜವಾಗಿಯೂ ಕೆಳಗೆ ಜಾರಿವೆ, ಒಂದು ಮೇಲೆ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆ ಎಂಟನ್ನು ನಾನು 400ಕ್ಕೆ ಎಳೆದಿದ್ದೆ. ನಿನಗೆ ಕೇಳಿಸುತ್ತಿದ್ದ ಷಡ್ಜಕ್ಕೆ ನೀನು ಸರಿಯಾಗಿ ಹಾಡಿದ್ದೆ. ಆಮೇಲೆ ಬಂದ ಕಾರ್ಡಿಗೆ ನಿನ್ನನ್ನು ಹೊಂದಿಸಿ, ತಪ್ಪು ನಿನ್ನದು ಅಂದೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತ ಕೂತಿದ್ದೆ, ಕೈ ನಿಲ್ಲುತ್ತಿಲ್ಲ. ನಮ್ಮಿಬ್ಬರಲ್ಲಿ ಗಂಟಲು ನಿನ್ನದು, ಕಿವಿ ನನ್ನದು ಅಂತ ಗೆಳೆಯರೆಲ್ಲ ಹೇಳುತ್ತಿದ್ದರಲ್ಲ. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತು ಅಂತ ನಿನಗೆ ಯಾವತ್ತೂ ಹೇಳಿಲ್ಲ. ನನ್ನ ಹತ್ತಿರ ಅದೊಂದೇ ಇತ್ತು. ಆದರೆ ಆವತ್ತು ನಾನು ಕಿವಿಯಿಂದ ತೀರ್ಮಾನ ಮಾಡಿರಲಿಲ್ಲ. ಪರದೆಯ ಮೇಲೆ ಗೆರೆ ನೋಡಿದೆ, ನಿನ್ನ ಸ್ವರ ಗೆರೆಯ ಕೆಳಗಿತ್ತು, ತಪ್ಪು ಅಂದೆ. ಪಿಯಾನೋ ತೆಗೆದು ಒಂದು ಸಲ, ಒಂದೇ ಸಲ, ಬರೀ ಷಡ್ಜದ ಜೊತೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಆಮೇಲೆ ಏನಾಯಿತು ಅಂತ ನಿನಗೂ ಗೊತ್ತು. ಪ್ರತಿ ಟೇಕ್ ಮುಗಿದ ಕೂಡಲೇ ನೀನು ಹೆಡ್‌ಫೋನ್ ತೆಗೆಯುವ ಮೊದಲೇ "ಇಳೀತಾ?" ಅಂತ ಕೇಳುತ್ತಿದ್ದೆ. ಗಾಂಧಾರ ಬರುವ ಕಡೆ ನಿಲ್ಲುವುದನ್ನೇ ಬಿಟ್ಟೆ, ಮುಟ್ಟಿ ಓಡಿಬಿಡುತ್ತಿದ್ದೆ. ಮೊದಲ ಟೇಕಿನಿಂದ ಕೊನೆಯ ಟೇಕಿನವರೆಗೆ ಎಲ್ಲವನ್ನೂ ನಾನು ಮೊನ್ನೆ ಕೂತು ಕೇಳಿದೆ, ನಿನ್ನ ಸ್ವರ ಚಿಕ್ಕದಾಗುತ್ತಾ ಹೋಗುವುದು ಕೇಳಿಸುತ್ತದೆ. ಕೆಲಸ ಜಾಸ್ತಿಯಾಯಿತು, ಹಾಡಲು ಪುರುಸೊತ್ತಿಲ್ಲ ಅಂತ ನೀನು ಹೇಳಿದಾಗ ನಾನು ಒಂದು ಮಾತೂ ಕೇಳದೆ ಒಪ್ಪಿಕೊಂಡೆ. ಅದು ನಿಜವೇ ಇರಬಹುದು. ನನಗೆ ಒಪ್ಪಿಕೊಳ್ಳುವುದು ಸುಲಭವಾಗಿತ್ತು ಅನ್ನುವುದೂ ನಿಜ.

ತಪ್ಪಾಯಿತು ಕಣೋ.

ಸರಿ, ಸಾಕು. ಓದುತ್ತಿರುವ ನಾಲ್ಕು ಜನ ಪ್ಲಗಿನ್ ವಿಷಯ ಅಂತ ಬಂದವರು ಪಾಪ, ಅವರಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು. ನೀನೂ ಇದಕ್ಕೆ ಉದ್ದ ಉತ್ತರ ಬರೆಯಬೇಕಾಗಿಲ್ಲ, ಹೆಬ್ಬೆರಳೇ ಸಾಕು.

ಒಂದು ಫೈಲ್ ಕಳಿಸುತ್ತಿದ್ದೇನೆ. ಅದೇ ಹಾಡು, ನಿನ್ನ ಸ್ವರ ಮುಟ್ಟಿಲ್ಲ, ಜಾರಿದ ಆ ಮೂರನ್ನೂ ಹಾಗೇ ಬಿಟ್ಟಿದ್ದೇನೆ. ಪಿಯಾನೋ ತೆಗೆದು ಸಿಂಥ್‌ಗಳನ್ನೇ ನಿನ್ನ ಗಾಂಧಾರಕ್ಕೆ ಹೊಂದಿಸಿದ್ದೇನೆ. ಹೆಡ್‌ಫೋನ್ ಹಾಕಿಕೊಂಡೇ ಕೇಳು, ಫೋನಿನ ಸ್ಪೀಕರಿನಲ್ಲಿ ಬೇಡ. 2 ನಿಮಿಷ 10 ಸೆಕೆಂಡಿನ ಹತ್ತಿರ ಕಾರ್ಡು ನಿಂತು ನೀನೊಬ್ಬನೇ ಉಳಿಯುತ್ತೀಯ, ಅಲ್ಲಿ ಸೌಂಡ್ ಸ್ವಲ್ಪ ಜಾಸ್ತಿ ಮಾಡು. ಅದರ ಜೊತೆ ಬರೀ ಷಡ್ಜ ಇರುವ ಇನ್ನೊಂದು ಫೈಲ್ ಇದೆ, 12 ನಿಮಿಷದ್ದು. ಮನಸ್ಸಾದರೆ ಅದರ ಮೇಲೆ ಏನಾದರೂ ಹಾಡಿ ಕಳಿಸು. ಗಾಂಧಾರದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲು, ನಾನು ಗೆರೆ ಇರುವ ಕಿಟಕಿ ತೆರೆಯುವುದಿಲ್ಲ.

ಇರುವೆ ಬಂದರೂ ನಿಲ್ಲಿಸಬೇಡ.

ನಿನ್ನವನೇ,
ಎರಡನೇ ಕುರ್ಚಿಯವನು