ಮಗಳಿಗೊಂದು ಪತ್ರ: ಹುಳಿ ಮೊದಲು, ಸಿಹಿ ಆಮೇಲೆ

ಪ್ರೀತಿಯ ಕೂಸೇ,

ಹೊಸ ಬಾಡಿಗೆ ಮನೆಗೆ ಆಫೀಸಿನವರನ್ನೆಲ್ಲ ಕರೆಯುತ್ತಿದ್ದೀಯ, 20 ಜನ ಆಗಬಹುದು, ಕುಡಿಯೋಕೆ ನಮ್ಮ ಕಡೆಯದೇ ಏನಾದರೂ ಇರಬೇಕು, ಆದರೆ ನೋಡೋಕೆ ಹೋಟೆಲಿನ ಮಾಕ್‌ಟೇಲ್ ಥರ ಕಾಣಬೇಕು ಅಂತ ಬರೆದಿದ್ದೀಯ. ಅಮ್ಮನನ್ನು ಬಿಟ್ಟು ನನ್ನನ್ನು ಕೇಳಿದ್ದು ಒಳ್ಳೆಯದೇ ಆಯಿತು. ಊರಲ್ಲಿ ಯಾರ ಮನೆಯ ಮದುವೆಯಾದರೂ ಪಾನಕದ ಹಂಡೆ ನನ್ನ ಪಾಲಿಗೇ ಬರುವುದು ನಿನಗೆ ಗೊತ್ತಲ್ಲ. ವಾಟ್ಸಾಪಿನಲ್ಲಿ ಇಷ್ಟೆಲ್ಲ ಒತ್ತುತ್ತಾ ಕೂರೋಕೆ ನನ್ನಿಂದಾಗದು. ಅದಕ್ಕೇ ಕಾಗದ.

ನೀನು ಕಳಿಸಿದ ವಿಡಿಯೋಗಳನ್ನು ನೋಡಿದೆ. ಎಲ್ಲರೂ ಸಿಹಿಯಿಂದಲೇ ಶುರು ಮಾಡುತ್ತಾರೆ. ಲೋಟದ ತಳಕ್ಕೆ ಬಣ್ಣದ ಸಿರಪ್, ಅದರ ಮೇಲೆ ರಾಶಿ ಐಸು, ಆಮೇಲೆ ಸೋಡಾ. ನಿಂಬೆಹಣ್ಣು ಬರುವುದು ಕೊನೆಗೆ, ಅದೂ ಲೋಟದ ಅಂಚಿಗೆ ಸಿಕ್ಕಿಸೋಕೆ. ಇದು ಪೂರಾ ಉಲ್ಟಾ. ಮೊದಲು ಹುಳಿ ನೋಡಬೇಕು. ಹಣ್ಣಿನ ರಸ ಹಿಂಡಿ, ಒಂದು ಚಮಚ ರಸಕ್ಕೆ ನಾಲ್ಕು ಚಮಚ ನೀರು ಹಾಕಿ, ಬರೀ ಅದನ್ನೇ ನೆಕ್ಕು. ಮುಖ ಎಷ್ಟು ಕಿವುಚುತ್ತದೋ ಅದರ ಮೇಲೆ ಸಿಹಿಯ ಲೆಕ್ಕ. ಆಮೇಲೆ ಚಿಟಿಕೆ ಉಪ್ಪು. ನೀರು ಎಲ್ಲಕ್ಕಿಂತ ಕೊನೆಗೆ. ಒಂದೇ ಮರದ ಹಣ್ಣು ಹೋದ ವರ್ಷದ ಹಾಗೆ ಈ ವರ್ಷ ಇರುವುದಿಲ್ಲ. ಅಂದಮೇಲೆ ಅಳತೆ ಬರೆದಿಟ್ಟುಕೊಂಡು ಎಷ್ಟು ಪ್ರಯೋಜನ? ನಾನು ಕೆಳಗೆ ಕೊಡುವ ಅಳತೆಗಳನ್ನೂ ಹಾಗೇ ತಿಳಿ. ಸುಮ್ನೆ ಒಂದು ಅಂದಾಜು ಅಷ್ಟೇ.

ನಮ್ಮಲ್ಲಿ ಹುಳಿಗೆ ಬರವಿಲ್ಲ. ನಿಂಬೆಯ ಹುಳಿ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಮುರುಗಲಿನದು, ನಿಮ್ಮ ಬೆಂಗಳೂರಿನವರು ಕೋಕಂ ಅನ್ನುತ್ತಾರಲ್ಲ ಅದರದು, ನಿಧಾನ, ಗಂಟಲವರೆಗೂ ಜೊತೆಗೇ ಇಳಿಯುತ್ತದೆ. ಉಪ್ಪಿನಕಾಯಿಗೆ ಹಾಕುವ ಕಾಡುಮಾವಿನ ಎಳೆಗಾಯಿ ಅಪ್ಪೆಮಿಡಿಯ ಹುಳಿಗೆ ಸೊನೆಯ ಘಮ ಅಂಟಿಕೊಂಡಿರುತ್ತದೆ. ನೆಲ್ಲಿಕಾಯಿಯಲ್ಲಿ ಒಗರೇ ಮುಂದು. ಇವುಗಳಲ್ಲಿ ನಿನಗೆ ಯಾವುದು ಬೇಕು ಅಂತ ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿಯೇ ಹೊಂದಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ ನಿನ್ನ ಪಾರ್ಟಿಗೆ ಮುರುಗಲೇ ಸರಿ. ಬಣ್ಣಕ್ಕೆ ಬೇರೇನೂ ಬೇಡ, ಅದೇ ಸಾಕು. ಈಗ ಮನೆ ಹಿಂದಿನ ಮರದಲ್ಲಿ ಹಣ್ಣು ಕೆಂಪಗಾಗಿದೆ. ಮಂಗಗಳು ಬಿಟ್ಟದ್ದು ನಮಗೆ. ಮಳೆ ಹಿಡಿಯುವುದರೊಳಗೆ ಕೊಯ್ದು ಮುಗಿಸಬೇಕು. ಆಮೇಲೆ ಸಿಪ್ಪೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹಣ್ಣನ್ನು ತೊಳೆದು, ನೀರಿನ ಪಸೆ ಹೋಗುವಂತೆ ಒರೆಸಿ, ಎರಡು ಹೋಳು ಮಾಡುತ್ತೇನೆ. ಒಳಗಿನ ಬೀಜಕ್ಕೆ ಬಿಳಿ ಲೋಳೆ ಅಂಟಿರುತ್ತದೆಯಲ್ಲ, ಅದನ್ನು ಬೇರೆ ಪಾತ್ರೆಗೆ ಹಾಕುತ್ತೇನೆ. ಆ ಬೀಜ ಒಣಗಿಸಿದರೆ ಅಮ್ಮನ ಹಿಮ್ಮಡಿಗೆ ಮುರುಗಲ ತುಪ್ಪ ಆಗುತ್ತದೆ, ಒಂದೂ ದಂಡವಿಲ್ಲ. ಇನ್ನು ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ, ಹೀಗೇ ಬಾಯಿವರೆಗೆ. 1 ಕೆಜಿ ಸಿಪ್ಪೆಗೆ 2 ಕೆಜಿ ಸಕ್ಕರೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ. ಮಾರನೆಯ ದಿನ ನೋಡಿದರೆ ಸಕ್ಕರೆಯ ಬಿಳುಪು ಮಾಯವಾಗಿ ತಳದಲ್ಲಿ ಕಡುಕೆಂಪು ರಸ ನಿಂತಿರುತ್ತದೆ. ಸಿಪ್ಪೆ ರಸವನ್ನೆಲ್ಲ ಬಿಟ್ಟುಕೊಟ್ಟು ಸುಕ್ಕಾಗಿ ಮೇಲೆ ತೇಲುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಬೇಕು. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ, ಹುರಿದು ಪುಡಿ ಮಾಡಿದ ಜೀರಿಗೆ ಮತ್ತು ಸ್ವಲ್ಪ ಉಪ್ಪು ಸೇರಿಸಿದರೆ ಮುಗಿಯಿತು. ಒಲೆಯ ಹಂಗೇ ಇಲ್ಲ.

ಸಕ್ಕರೆ ಜಾಸ್ತಿ ಆಯ್ತು ಅಂತ ನೀನು ಅನ್ನುತ್ತೀಯ, ಗೊತ್ತು. ಅದು ರುಚಿಗೆ ಮಾತ್ರ ಅಲ್ಲ ಕೂಸೇ, ಕೆಡದ ಹಾಗೆ ಕಾಯುವುದೂ ಅದೇ. ಸಕ್ಕರೆ ಕಮ್ಮಿ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಬೇಗ ಖರ್ಚು ಮಾಡಬೇಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಗಳ ಹತ್ತಿರಕ್ಕೂ ಇದನ್ನು ಒಯ್ಯಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಕುಡಿದರೆ ಕಿಲುಬು ವಾಸನೆ.

ಬಟ್ಟೆಗೆ ಚೆಲ್ಲಿದರೆ ಒಂದು ತಮಾಷೆ ನೋಡಬಹುದು. ಕೆಂಪು ಕಲೆಯ ಮೇಲೆ ಸೋಪು ಉಜ್ಜಿದ ಕೂಡಲೇ ಅದು ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ನಿಂಬೆರಸ ಬಿಟ್ಟರೆ ಮತ್ತೆ ಕೆಂಪು. ಆಂಥೋಸಯನಿನ್ ಅನ್ನುವ ಬಣ್ಣ ಅದು. ಹುಳಿಯಲ್ಲಿ ಕೆಂಪಾಗಿರುತ್ತದೆ, ಸೋಪಿನಂಥ ಕ್ಷಾರ ಮುಟ್ಟಿದರೆ ನೀಲಿಗೆ ವಾಲುತ್ತದೆ. ನೇರಳೆಹಣ್ಣಿನಲ್ಲಿರುವುದೂ ಅದೇ ಜಾತಿಯ ಬಣ್ಣ. ಬಿಳಿ ಚೂಡಿದಾರ ಹಾಕಿಕೊಂಡು ಬಡಿಸೋಕೆ ನಿಲ್ಲಬೇಡ, ಅಷ್ಟೇ.

ಒಂದು ಲೋಟಕ್ಕೆ ಈ ಪಾಕ 35 ಎಂಎಲ್ ಸಾಕು, ಅಂದರೆ ಊಟದ ಚಮಚದಲ್ಲಿ ಹೆಚ್ಚೂಕಮ್ಮಿ ಎರಡೂಕಾಲು. 750 ಎಂಎಲ್ ಬಾಟಲಿಯೊಂದರಲ್ಲಿ ನಿನ್ನ 20 ಜನರಿಗೂ ಒಂದು ಸುತ್ತು ಆಗುತ್ತದೆ. ಹೋಟೆಲಿನ ಥರ ಕಾಣಬೇಕು ಅಂದೆಯಲ್ಲ, ಅದಕ್ಕೂ ಉಪಾಯ ಇದೆ. ಪಾಕ ನೀರಿಗಿಂತ ಭಾರ. ಲೋಟದ ತಳಕ್ಕೆ ಅದನ್ನು ಹಾಕಿ, ಚಮಚದ ಬೆನ್ನಿನ ಮೇಲೆ ತಣ್ಣಗಿನ ಸೋಡಾವನ್ನು ಮೆಲ್ಲಗೆ ಇಳಿಸು. ಕೆಳಗೆ ಕಡುಕೆಂಪು, ನಡುವೆ ಗುಲಾಬಿ, ಮೇಲೆ ತಿಳಿ. ಫೋಟೋ ತೆಗೆದುಕೊಂಡ ಮೇಲೆ ಕಲಕಿ ಕುಡಿಯಲು ಹೇಳು. ಕಲಕದೆ ಕುಡಿದವರಿಗೆ ಮೊದಲು ಬರೀ ಸೋಡಾ, ಕೊನೆಗೆ ಬರೀ ಪಾಕ.

ಸೋಡಾ ಬಾಟಲಿ ಚೆನ್ನಾಗಿ ತಣ್ಣಗಿರಲಿ. ತಣ್ಣಗಿದ್ದಷ್ಟೂ ಗ್ಯಾಸ್ ಒಳಗೇ ನಿಲ್ಲುತ್ತದೆ, ಬೆಚ್ಚಗಾದರೆ ಬುಸ್ಸೆಂದು ಹೊರಟುಹೋಗುತ್ತದೆ. ಐಸಿನ ಬಗ್ಗೆ ನನ್ನ ತಕರಾರು ನಿನಗೆ ಹಳೆಯದು. ನಾಲಿಗೆ ಮರಗಟ್ಟಿದರೆ ಹಣ್ಣಿನ ರುಚಿ ತಿಳಿಯುವುದಾದರೂ ಹೇಗೆ? ಹಾಕಲೇಬೇಕು ಅಂತಿದ್ದರೆ ದೊಡ್ಡ ತುಂಡು ಹಾಕು, ನಿಧಾನಕ್ಕೆ ಕರಗುತ್ತದೆ. ಇನ್ನೂ ಚೆನ್ನಾಗಿರುವುದೆಂದರೆ ಮುರುಗಲ ನೀರನ್ನೇ ಐಸ್ ಟ್ರೇಗೆ ಹುಯ್ದಿಡು. ಕರಗಿದರೂ ಪಾನಕ ಸಪ್ಪೆಯಾಗುವುದಿಲ್ಲ.

ಅನಾನಸ್ ಬಗ್ಗೆ ನೀನು ಕೇಳಿದ್ದೆ. ಸೊರಬ, ಆನವಟ್ಟಿ ಕಡೆಯ ಹಣ್ಣು ಸಿಕ್ಕರೆ ಬಿಡಬೇಡ. ಮೂಗಿನ ಹತ್ತಿರ ಹಿಡಿದು ಬುಡ ಮೂಸು. ಪರಿಮಳ ಬಂದರೆ ಹಣ್ಣಾಗಿದೆ. ಬಣ್ಣ ನಂಬಬೇಡ. ಅದನ್ನು ಹಾಲಿನ ಜೊತೆ ಮಿಕ್ಸಿಗೆ ಹಾಕುವ ಯೋಚನೆ ಮಾತ್ರ ಬಿಟ್ಟುಬಿಡು. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಸ್ವಲ್ಪ ಹೊತ್ತಿಗೇ ಹಾಲು ಒಡೆದು ಕಹಿಯಾಗುತ್ತದೆ. ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುವುದಕ್ಕೆ ಅದೂ ಒಂದು ಕಾರಣ. ಹೋಳುಗಳನ್ನು ಒಂದು ಕುದಿ ಕುದಿಸಿದರೆ ಕಿಣ್ವದ ಆಟ ನಿಲ್ಲುತ್ತದೆ. ಆದರೂ ಹಾಲು ಯಾಕೆ ಬೇಕು ಅಂತೀನಿ. ಸಣ್ಣ ಹೋಳು, ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸಿನ ಪುಡಿ, ಜೋನಿಬೆಲ್ಲ (ನೀರಾಗಿರುವ ಬೆಲ್ಲ), ನಿಂಬೆ. ರುಬ್ಬಿ ಸೋಸಿ ನೀರು ಬೆರೆಸು. ಜೋನಿಬೆಲ್ಲ ತಣ್ಣೀರಿನಲ್ಲೂ ಸಲೀಸಾಗಿ ಕರಗುತ್ತದೆ, ಅದು ದೊಡ್ಡ ಅನುಕೂಲ. ಸಕ್ಕರೆ ಹಾಗಲ್ಲ, ತಳದಲ್ಲಿ ಕೂತುಬಿಡುತ್ತದೆ. ಅದಕ್ಕೇ ಸಕ್ಕರೆ ಬಳಸುವುದಾದರೆ ಸಮ ಅಳತೆಯ ನೀರಿನಲ್ಲಿ ಕರಗಿಸಿ ಆರಿಸಿಟ್ಟುಕೋ. ಹೆರೆದ ಸಿಪ್ಪೆಯನ್ನೂ ಎಸೆಯಬೇಡ. ಮೊದಲೇ ಚೆನ್ನಾಗಿ ತೊಳೆದ ಹಣ್ಣಾದರೆ ಸಿಪ್ಪೆ, ದಿಂಡು ಎರಡನ್ನೂ ಲವಂಗದ ಜೊತೆ ಕುದಿಸಿ ಸೋಸು. ಆ ನೀರಿನ ಪರಿಮಳ ಒಳಗಿನ ಹಣ್ಣಿಗಿಂತ ಒಂದು ಕೈ ಮೇಲು.

ಕಲ್ಲಂಗಡಿಯಲ್ಲಿ ಹುಳಿಯೇ ಇಲ್ಲ, ನಿಂಬೆ ಹಿಂಡದೆ ಕೊಡಬೇಡ. ಬೀಜ ತೆಗೆದೇ ಮಿಕ್ಸಿಗೆ ಹಾಕು. ಕರಬೂಜಕ್ಕೆ ಬೆಲ್ಲ, ಏಲಕ್ಕಿ ಸಾಕು, ರಾಮನವಮಿಗೆ ಮಾಡುವ ಹಾಗೇ. ಮೂಸಂಬಿ ರಸ ಹಿಂಡಿಟ್ಟರೆ ಹೊತ್ತು ಹೋದಂತೆ ಕಹಿಯಾಗುತ್ತದೆ, ಅದನ್ನು ಆಗಿಂದಾಗ ಮಾಡಿ ಆಗಿಂದಾಗ ಕುಡಿಸು. ನಿಂಬೆಯನ್ನು ಹಿಂಡುವಾಗ ಸಿಪ್ಪೆ ಕಿವುಚುವ ತನಕ ಒತ್ತಬೇಡ, ಅಲ್ಲಿಂದಲೇ ಕಹಿ ಬರುವುದು. ಪುದೀನವನ್ನು ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ಹೊಡೆದರೆ ಸಾಕು, ಘಮ ಬರುತ್ತದೆ. ರುಬ್ಬಿದರೆ ಹುಲ್ಲಿನ ವಾಸನೆ.

ಅಪ್ಪೆಹುಳಿ ಮಾಡುವುದಾದರೆ ನನಗೊಂದು ಯೋಚನೆ ಬಂತು, ನಗಬೇಡ. ನಿಮ್ಮಲ್ಲಿ ಚಿಕ್ಕ ಚಿಕ್ಕ ಶಾಟ್ ಗ್ಲಾಸು ಇರುತ್ತವಂತೆ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ತೆಳ್ಳಗೆ ನೀರು ಬೆರೆಸಿ, ಉಪ್ಪು, ಒಂದೆರಡು ಸೂಜಿಮೆಣಸು, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ. ತಣ್ಣಗಾದ ಮೇಲೆ ಆ ಗ್ಲಾಸುಗಳಿಗೆ ಹುಯ್ದು ಕೊಡು. ಒಂದೇ ಗುಟುಕಿಗೆ ಕುಡಿದ ಮೇಲೆ ಅವರ ಮುಖ ನೋಡಬೇಕು. ಇಂಗು ಕಮ್ಮಿ ಮಾಡಬೇಡ, ಬೆಂಗಳೂರಿನವರಿಗೆ ಆಗಲ್ಲ ಅಂತ ಹೆದರಬೇಡ. ಬೆಂಗಳೂರಲ್ಲಿ ಅಪ್ಪೆ ಸಿಗದಿದ್ದರೆ ಇರುವುದರಲ್ಲಿ ಹುಳಿಯಾದ ಕಾಯಿ ಆರಿಸು. ತೋತಾಪುರಿ ಬೇಡ, ಅದರಲ್ಲಿ ಹುಳಿ ಸಾಲದು. ಊಟ ಆದ ಮೇಲೆ ಕೊಟ್ಟರೆ ನಿದ್ದೆ ಎಳೆಯುತ್ತದೆ ಅನ್ನುವುದು ನಮ್ಮ ಹಿರಿಯರ ಮಾತು. ಅದಕ್ಕೇ ಊಟಕ್ಕೆ ಮೊದಲೇ ಕೊಡು, ಇಲ್ಲದಿದ್ದರೆ ನೆಂಟರೆಲ್ಲ ನಿನ್ನ ಸೋಫಾದ ಮೇಲೇ ಮಲಗಿಯಾರು.

ಇನ್ನು ನೀನು ಬರೆಯದೆ ಬಿಟ್ಟ ವಿಷಯ. 20 ಜನರಲ್ಲಿ ಕೆಲವರು ತಮ್ಮ ಬಾಟಲಿ ತಾವೇ ತರುತ್ತಾರೆ ಅಲ್ವಾ? ನಾನು ಕುಡಿಯುವವನಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಕೂತವನೂ ಅಲ್ಲ. ಹೊಸನಗರದ ಹತ್ತಿರ ಹೋಂಸ್ಟೇ ನಡೆಸುವ ನಿನ್ನ ಸೋದರಮಾವನನ್ನು ಕೇಳಿದೆ. ಬರುವ ಅತಿಥಿಗಳು ಮುರುಗಲಿಗೆ ಜಿನ್ ಬೆರೆಸಿಕೊಳ್ಳುತ್ತಾರಂತೆ. ಜಿನ್‌ಗೆ ಜುನಿಪರ್ ಕಾಯಿಯ ಪರಿಮಳ, ಅದು ನಿಂಬೆ, ಮುರುಗಲು, ಕಾಳುಮೆಣಸಿನ ಜೊತೆ ಹೊಂದುತ್ತದೆ. ರಮ್ ಆದರೆ ಅನಾನಸ್, ಬೆಲ್ಲದ ಕಡೆಗೆ, ಅದು ಹುಟ್ಟುವುದೇ ಕಬ್ಬಿನಿಂದ ತಾನೆ. ವಿಸ್ಕಿಯ ಮರದ ವಾಸನೆಗೆ ಮುರುಗಲು ಮುಳುಗಿಹೋಗುತ್ತದೆ ಅಂದ.

ನನ್ನದು ಒಂದೇ ಹಟ. ಜಗ್ಗಿನೊಳಗೆ ಯಾರೂ ಏನೂ ಬೆರೆಸಕೂಡದು. ಜಗ್ಗಿನಲ್ಲಿ ಪಾನಕ ಪಾನಕವಾಗಿಯೇ ಇರಲಿ. ಬೇಕಾದವರು ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳಲಿ, ಅದೂ 30 ಎಂಎಲ್ ಅಳತೆಯ ಮುಚ್ಚಳದಲ್ಲಿ, ಕಣ್ಣಂದಾಜಿನಲ್ಲಿ ಅಲ್ಲ. ನಮ್ಮಲ್ಲಿ ಮಾರುವ ಜಿನ್, ರಮ್, ವಿಸ್ಕಿಯ ಮೇಲೆ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಅಂತ ಬರೆದಿರುತ್ತದೆ. ಹುಳಿ-ಸಿಹಿ ಸರಿಯಾಗಿ ಕೂತ ಪಾನಕದಲ್ಲಿ ಅದರ ಖಾರ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬಾಯಾರಿಕೆಗೆ ಅಂತ ಗಟಗಟ ಕುಡಿದುಬಿಡುತ್ತಾರೆ. ಕುಡಿಯದವರ ಜಗ್ಗು ಬೇರೆ ಮೇಜಿನ ಮೇಲಿರಲಿ, ಅದೂ ಅಷ್ಟೇ ಚೆಂದದ ಲೋಟಗಳ ಜೊತೆ. ಕುಡಿಯದವರಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರು ಕೊಡುವ ಮನೆಗಳನ್ನು ನಾನೂ ನೋಡಿದ್ದೇನೆ. ಗಾಡಿ ಓಡಿಸಿಕೊಂಡು ಹೋಗುವವರು ಯಾರು ಅಂತ ಮೊದಲೇ ಕೇಳಿಕೋ. ಇಷ್ಟು ಹೇಳಿದ ಮೇಲೆ ಉಳಿದದ್ದು ನಿನಗೆ ಬಿಟ್ಟದ್ದು.

ಗೇರುಹಣ್ಣನ್ನು ಬಿಟ್ಟೇಬಿಡುತ್ತಿದ್ದೆ. ಬೀಜ ಇಟ್ಟುಕೊಂಡು ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕುವ ನಮ್ಮೂರಿನ ಬುದ್ಧಿಗೆ ಏನನ್ನಲಿ! ಅದರ ರಸ ಗಂಟಲು ಕೆರೆಯುತ್ತದೆ, ಒಗರು ಕೊಡುವ ಟ್ಯಾನಿನ್ ಜಾಸ್ತಿ. ಹಿಂಡಿದ ರಸಕ್ಕೆ ಆರಿದ ಗಂಜಿತಿಳಿ ಬೆರೆಸಿ ಅಲ್ಲಾಡಿಸದೆ ಇಟ್ಟರೆ ಒಗರೆಲ್ಲ ಗಂಜಿಗೆ ಅಂಟಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಉಪ್ಪು, ನಿಂಬೆ, ಸ್ವಲ್ಪ ಬೆಲ್ಲ. ಇದನ್ನು ನೀನು ಬೆಂಗಳೂರಲ್ಲಿ ಮಾಡಲಾರೆ, ಹಣ್ಣು ಒಂದು ದಿನ ಇಟ್ಟರೂ ಕೊಳೆಯುತ್ತದೆ. ಊರಿಗೆ ಬಂದಾಗ ಕೊಡುತ್ತೇನೆ.

ಮುರುಗಲ ಪಾಕ ಎರಡು ಬಾಟಲಿ, ಜೋನಿಬೆಲ್ಲ ಒಂದು, ಒಣಸಿಪ್ಪೆ ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ. ತಾಳಗುಪ್ಪದ ರೈಲಿಗೆ ಪಕ್ಕದ ಮನೆಯ ಹುಡುಗ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಬಂದ ಕೂಡಲೇ ಬಾಟಲಿಯ ಮುಚ್ಚಳ ಒಮ್ಮೆ ಸಡಿಲ ಮಾಡಿ, ಮತ್ತೆ ಬಿಗಿದು ಫ್ರಿಜ್ಜಿಗೆ ಇಡು. ದಾರಿಯ ಸೆಕೆಗೆ ಹುಳಿ ಬಂದು ಗ್ಯಾಸ್ ಕಟ್ಟಿದ್ದರೂ ಕಟ್ಟಿರಬಹುದು. ಖಾಲಿ ಬಾಟಲಿಗಳನ್ನು ತೊಳೆದು ವಾಪಸ್ ತಾ. ಹೋದ ಸಲದ ಉಪ್ಪಿನಕಾಯಿ ಭರಣಿಯನ್ನೂ ನಿನ್ನ ಅಮ್ಮ ಇನ್ನೂ ಕೇಳುತ್ತಲೇ ಇದ್ದಾಳೆ.

ನಿನ್ನ
ಅಪ್ಪಯ್ಯ