ಕ್ಯಾನ್ಸರ್ ರೋಬೋಟ್ ಫಾರ್ವರ್ಡ್ ಬಗ್ಗೆ, ಭಾನುವಾರದ ಮಾತುಕತೆ ಬಗ್ಗೆ

ಎಲ್ಲರಿಗೂ ನಮಸ್ಕಾರ. 'ರಕ್ತದಲ್ಲಿ ಓಡಾಡಿ ಕ್ಯಾನ್ಸರ್ ಗುಣಪಡಿಸುವ ರೋಬೋಟ್' ಅನ್ನೋ ಫಾರ್ವರ್ಡ್ ನಿನ್ನೆಯಿಂದ ಮೂರು ಸಲ ಬಂದಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಪೂರ್ತಿ ಸುಳ್ಳಲ್ಲ, ಆದರೆ ಉಪ್ಪುಖಾರ ಜಾಸ್ತಿಯಾಗಿದೆ.

ಅದರ ಹಿಂದಿರೋದು ಇಂಥ ಕೆಲಸ: ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಲ್ವೇನ್ ಮಾರ್ಟೆಲ್ ಅವರ ತಂಡ 2016ರಲ್ಲಿ ಎಂಸಿ-1 ಅನ್ನೋ ಸಮುದ್ರದ ಬ್ಯಾಕ್ಟೀರಿಯಾದ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿತು. ಈ ಜೀವಿಯ ಒಳಗೆ ಮಣಿಸರದ ಹಾಗೆ ಮ್ಯಾಗ್ನೆಟೈಟ್ ಅನ್ನೋ ಕಾಂತೀಯ ಖನಿಜದ ಹರಳುಗಳ ಸಾಲು. ಹಾಗಾಗಿ ಆಯಸ್ಕಾಂತ ಎತ್ತ ಎಳೆದರೆ ಅತ್ತ ದಿಕ್ಸೂಚಿ ಮುಳ್ಳಿನಂತೆ ತಿರುಗುತ್ತೆ. ಈಜೋದು ಮಾತ್ರ ತನ್ನದೇ ಬಾಲಗಳಿಂದ. ಒಂದೊಂದರ ಮೈಗೂ ಸುಮಾರು 70 ಲಿಪೋಸೋಮ್, ಅಂದರೆ ಔಷಧಿ ತುಂಬಿದ ಕೊಬ್ಬಿನ ಗುಳ್ಳೆ, ಅಂಟಿಸಿದರು. ಮೋಟಾರೂ ಬೇಡ, ಬ್ಯಾಟರಿಯೂ ಬೇಡ!

ಕ್ಯಾನ್ಸರ್ ಗಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗಲ್ಲ, ಆಮ್ಲಜನಕ ಕಡಿಮೆ. ಮಾಮೂಲಿ ಔಷಧಿ ಅಲ್ಲಿಗೆ ಮುಟ್ಟೋದೇ ಕಷ್ಟ. ಎಂಸಿ-1ಕ್ಕೋ ಅಂಥ ಜಾಗವೇ ತವರುಮನೆ. ಆಯಸ್ಕಾಂತ ದಾರಿ ತೋರಿಸಿದ ಮೇಲೆ ಒಳಗಿನ ಜಾಗ ತಾನೇ ಹುಡುಕಿಕೊಳ್ಳುತ್ತೆ. ನನಗೆ ಬಹಳ ಹಿಡಿಸಿದ್ದು ಇದೇ. ಬಿಟ್ಟ ಬ್ಯಾಕ್ಟೀರಿಯಾಗಳಲ್ಲಿ ಶೇ. 55ರವರೆಗೂ ಆ ಭಾಗ ಸೇರಿದ್ದವು.

ಆದರೆ ಇದೆಲ್ಲ ನಡೆದದ್ದು ಇಲಿಗಳಲ್ಲಿ. ಚುಚ್ಚಿದ್ದೂ ಗಡ್ಡೆಯ ಪಕ್ಕದಲ್ಲೇ, ರಕ್ತನಾಳಕ್ಕಲ್ಲ. ಮನೇಲಿ ಯಾರಿಗಾದರೂ ಕೀಮೋ ನಡೀತಿದ್ದರೆ ಈ ಫಾರ್ವರ್ಡ್ ನಂಬಿ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ್ದನ್ನೇ ಮುಂದುವರಿಸಿ.

ಭಾನುವಾರ ಸಂಜೆ 5ಕ್ಕೆ ಗೂಗಲ್ ಮೀಟ್‌ನಲ್ಲಿ ಇದರ ಬಗ್ಗೆಯೇ ಮಾತಾಡೋಣ. ಲಿಂಕ್ ಶನಿವಾರ ಹಾಕ್ತೀನಿ. ಪ್ರಶ್ನೆಗಳಿದ್ದರೆ ಈಗಲೇ ಇಲ್ಲಿ ಬರೆಯಿರಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಎರಡು ದಿನ ರಜೆ ಕೊಡಿ, ಪ್ರಶ್ನೆಗಳು ಮೇಲಕ್ಕೆ ಹೋಗಿ ಸಿಗೋದೇ ಇಲ್ಲ.