ಡ್ರೋನ್‌ನಲ್ಲಿ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಸುವ ಸದಸ್ಯರ ಗಮನಕ್ಕೆ: ಸರದಿ ಬದಲಾಗಿದೆ

ಸದಸ್ಯ ರೈತ ಬಾಂಧವರಿಗೆ ನಮಸ್ಕಾರ.

ಈ ಹಂಗಾಮಿನಿಂದ ಅಕ್ಕಪಕ್ಕದ ಗದ್ದೆಗಳಲ್ಲಿ ನಮ್ಮ ಸಂಘದ ಯಾವ ಎರಡು ಡ್ರೋನ್‌ಗಳೂ ಒಟ್ಟಿಗೆ ಹಾರುವುದಿಲ್ಲ. ಹಿಂದಿನ ದಿನ ಸಂಜೆ ಆರರೊಳಗೆ ಹೆಸರು, ಸರ್ವೆ ನಂಬರ್ ಬರೆಸಬೇಕು. ಬೆಳಿಗ್ಗೆ ಫೋನ್ ಮಾಡಿ ಕರೆದರೆ ಅದೇ ದಿನ ಬರಲಾಗದು. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ ಒಂದು ದಿನ ಕಾಯುವುದು ಎಂಥ ಸಂಕಟ ಎಂದು ನಮಗೂ ಗೊತ್ತು. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ರಿಮೋಟ್‌ನ ಸಿಗ್ನಲ್ ಕಡಿದರೆ ಅಥವಾ ಬ್ಯಾಟರಿ ಇಳಿದರೆ ಡ್ರೋನ್ ತಾನಾಗಿ ಮೇಲೇರಿ, ಹೊರಟ ಜಾಗಕ್ಕೆ ನೇರವಾಗಿ ಮರಳುತ್ತದೆ. ಎಷ್ಟು ಎತ್ತರದಲ್ಲಿ ಮರಳಬೇಕು ಎಂಬುದನ್ನು ಮೊದಲೇ ಹಾಕಿರುತ್ತೇವೆ. ಕಳೆದ ಮುಂಗಾರಿನಲ್ಲಿ ಒಂದಕ್ಕೆ 20 ಮೀಟರ್, ಇನ್ನೊಂದಕ್ಕೆ 23 ಮೀಟರ್ ಹಾಕಿ, ನಡುವೆ ಮೂರು ಮೀಟರ್ ಇದೆ ಎಂದು ನಂಬಿದ್ದೆವು. ಆದರೆ ಯಂತ್ರ ಎತ್ತರ ಅಳೆಯುವುದು ತಾನು ಹೊರಟ ನೆಲದಿಂದ. 20ರದ್ದು ಹೊರಟಿದ್ದು ಕಾಲುವೆಯ ಏರಿಯಿಂದ, 23ರದ್ದು ಕೆಳಗಿನ ಗದ್ದೆಯಿಂದ. ಏರಿಯೇ ಮೂರು ಮೀಟರ್ ಎತ್ತರ! ಒಂದರ ಸಿಗ್ನಲ್ ಕಡಿದ ಹೊತ್ತಿಗೇ ಇನ್ನೊಂದರ ಬ್ಯಾಟರಿ ಇಳಿದು, ಎರಡೂ ಒಂದೇ ಮಟ್ಟದಲ್ಲಿ ಎದುರುಬದುರಾದವು. ಬ್ಯಾಟರಿ ಇಳಿದದ್ದನ್ನು ಹಾರಿಸುತ್ತಿದ್ದ ನಮ್ಮ ಹುಡುಗ ಅದನ್ನು ಗಾಳಿಯಲ್ಲೇ ತಡೆದು ನಿಲ್ಲಿಸಿದ. ನಡುವೆ ಉಳಿದದ್ದು ಒಂದು ಮಾರು. ಕೆಳಗೆ ಬದುವಿನ ಮೇಲೆ ಕಳೆ ತೆಗೆಯುವ ಹೆಂಗಸರು ಊಟಕ್ಕೆ ಕೂತಿದ್ದರು. 10 ಲೀಟರ್ ಟ್ಯಾಂಕ್ ತುಂಬಿದಾಗ ಈ ಯಂತ್ರ ಸುಮಾರು 25 ಕೆ.ಜಿ. ತೂಗುತ್ತದೆ. ಯಾರಿಗೂ ಏನೂ ಆಗಲಿಲ್ಲ, ಆದರೆ ತಪ್ಪು ನಮ್ಮದೇ.

ಇನ್ನು ಮುಂದೆ ಒಂದು ಬಯಲಿನ ಡ್ರೋನ್‌ಗಳೆಲ್ಲ ಒಂದೇ ಮಟ್ಟದ ನೆಲದಿಂದ ಹೊರಡುತ್ತವೆ. ಮರಳುವ ಎತ್ತರ 20, 30, 40 ಮೀಟರ್ ಎಂದು ಬೇರೆಬೇರೆ ಇರುತ್ತದೆ. ಎಲ್ಲವನ್ನೂ ನೋಡಿಕೊಳ್ಳಲು ಒಬ್ಬರು ವಾಕಿಟಾಕಿ ಹಿಡಿದು ನಿಂತಿರುತ್ತಾರೆ; ಅವರು "ಹೂಂ" ಅನ್ನದೆ ಯಾವುದೂ ಮೇಲೇಳದು.

ನಿಮ್ಮಿಂದ ಒಂದು ಸಹಾಯ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಸರ್ಕಾರದ ನಕ್ಷೆಯಲ್ಲಿ ಹಾರಾಟಕ್ಕೆ ನಿರ್ಬಂಧವಿಲ್ಲದ ಜಾಗದಲ್ಲಿ, 400 ಅಡಿಯವರೆಗೆ ಹಾರಲು ಪ್ರತಿ ಸಲ ಅನುಮತಿ ಕೇಳಬೇಕಿಲ್ಲ. ಹಾಗಾಗಿ ಪಕ್ಕದಲ್ಲಿ ಬೇರೆ ಯಾರ ಡ್ರೋನ್ ಹಾರುತ್ತಿದೆ ಎಂದು ನಮಗೆ ಹೇಳುವವರಿಲ್ಲ, ನಮ್ಮ ಪರದೆಯಲ್ಲಿ ನಮ್ಮವು ಮಾತ್ರ ಕಾಣುತ್ತವೆ. ನೀವು ಬಾಡಿಗೆಗೆ ಬೇರೆಯವರನ್ನು ಕರೆಸಿದ್ದರೂ ದಯವಿಟ್ಟು ತಿಳಿಸಿ. ಬೇಸರವಿಲ್ಲ, ಅವರ ಪೈಲಟ್ ಜೊತೆ ಮಾತಾಡಿ ಹೊತ್ತು ಹಂಚಿಕೊಳ್ಳುತ್ತೇವೆ.

ಎಕರೆಯ ದರ ಹಿಂದಿನಷ್ಟೇ. ಹೆಸರು ಬರೆಸುವ ಪುಸ್ತಕ ಗೊಬ್ಬರದ ಕೌಂಟರಿನಲ್ಲಿದೆ. ಗದ್ದೆಯ ಮೇಲೆ ಕರೆಂಟಿನ ತಂತಿ ಹೋಗಿದ್ದರೆ ಅದನ್ನೂ ಬರೆಸಿ.

ಇಂತಿ,
ಕಾರ್ಯದರ್ಶಿ ಮತ್ತು ಡ್ರೋನ್ ತಂಡ